ಸೊಂಟದ ಭಾರ

ಗಜೇಂದ್ರಗಡದ ಸೀರೆ ವ್ಯಾಪಾರಿ ಮಿತ್ರರೊಬ್ಬರು ಮೊನ್ನೆ ರೋಣದಲ್ಲಿ ಭೆಟ್ಟಿಯಾದರು. ವಸೂಲಿಯ ಹಣದೊಡನೆ ನರಗುಂದದವರೆಗೆ ಒಬ್ಬರೇ ತಿರುಗುವವರು. ಪಿಸ್ತೂಲಿಗೆ ಪರವಾನಗಿ ದೊರೆತಿದೆಯಂತೆ.

“ಈ ಬಿಸಿಲಾಗ ಕೋಟು ಹಾಕೂದು ಆಗೂದಿಲ್ಲ. ತೆಳ್ಳನ ಅಂಗಿಯೊಳಗ ಅಡಗೂವಂಥಾದ್ದು, ಹಗುರಾದ್ದು ಯಾವುದ್ರಿ, ಸರ?”

ಹಳಗನ್ನಡ ಪಾಠ ಹೇಳುವವನಿಗೆ ಕೇಳುವ ಪ್ರಶ್ನೆಯೆ ಇದು! ಆದರೂ ಆಯುಧದ ಅಭಿಮಾನ ಈ ಸೀಮೆಗೆ ಹೊಸದಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬರು ಬಂಡೇಳಲು ದತ್ತು ನಿರಾಕರಣೆಯೊಡನೆ ಬ್ರಿಟಿಷರ ನಿಶ್ಶಸ್ತ್ರೀಕರಣವೂ ಕಾರಣವಾಗಿತ್ತಲ್ಲವೆ?

ತಿಳಿದಷ್ಟನ್ನು ಹೇಳಿದೆ. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರು ಸುಮಾರು 500 ಗ್ರಾಂ ತೂಗುತ್ತದೆ. ನಾಗರಿಕರಿಗೆ ಪರವಾನಗಿಯ ಮೇಲೆ ಸಲ್ಲುವ.32 ಅಳತೆಯದು. ಆದರೆ ಆಯುಧ ಹಗುರಾದಷ್ಟೂ ಹಾರಿಸುವಾಗ ಕೈಗೆ ಒದೆತ ಹೆಚ್ಚು. ಬೇಸಗೆಯಲ್ಲಿ ಅದರ ನಿಜವಾದ ವೈರಿ ಬೆವರು. ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆ; ಚರ್ಮದ ಒರೆ ತೇವವನ್ನು ಹಿಡಿದಿಟ್ಟು ತುಕ್ಕಿಗೆ ನೆರವಾಗುತ್ತದೆ. ದಿನವೂ ಒರಸಿ ಎಣ್ಣೆ ಸವರಬೇಕು. 2016ರ ಆಯುಧ ನಿಯಮಗಳಂತೆ ಹೊರಗೆ ಒಯ್ಯುವಾಗ ಅದು ಪೂರ್ತಿ ಮುಚ್ಚಿಯೂ ಇರಬೇಕು.

“ಅದಿರಲಿ, ಮನೆ ಸೇರಿದೊಡನೆ ಮೊದಲು ಏನು ಮಾಡುತ್ತೀರಿ?” ಎಂದೆ.

“ಅಂಗಿ ಕಳದು ಗೂಟಕ್ಕ ಹಾಕ್ತೀನ್ರಿ. ಬೆವರು!”

“ಆಗ ಸೊಂಟದ್ದು?”

ಅವರು ಸುಮ್ಮನಾದರು. ನಾಲ್ಕು ವರ್ಷದ ಮೊಮ್ಮಗಳು ಅಜ್ಜ ಬಂದೊಡನೆ ಸೊಂಟಕ್ಕೇ ಜೋತುಬೀಳುವವಳು, ಜೇಬಿನ ಪೆಪ್ಪರಮೆಂಟಿಗಾಗಿ ಅಂಗಿ ತಡಕುವವಳು.

ಬಸ್ಸು ಬರುವವರೆಗೂ ಅವರು ತೂಕದ ಮಾತೆತ್ತಲಿಲ್ಲ. ಗೋಡೆಗೆ ಬಿಗಿಯುವ, ಕೀಲಿಯುಳ್ಳ ಉಕ್ಕಿನ ಪೆಟ್ಟಿಗೆ ಗದಗಿನಲ್ಲಿ ಸಿಕ್ಕೀತೆ ಎಂದು ವಿಚಾರಿಸುತ್ತಿದ್ದರು.