ಹಳಸಿದ ಪೆಟ್ರೋಲಿಗೆ ಮಿಷನ್ನ ಬೈಯಡಿ

ಚೌತಿ ಮುಗಿದು ಮಳೆ ಸ್ವಲ್ಪ ಹೊಳವಾತು ಹೇಳಿದ್ರೆ ಯಮ್ಮ ಸಿರ್ಸಿ ಕಡೆ ಕೇರಿಲಿ ಒಂದು ಶಬ್ದ ಶುರುವಾಗ್ತು. ಹುಲ್ಲು ಹೊಡೆಯ ಮಿಷನ್ನಿಂದಲ್ಲ, ಅದ್ರ ಹಗ್ಗದ್ದು. ಚರ್ರ್, ಚರ್ರ್, ಇಪ್ಪತ್ತು ಸಲ, ಮೂವತ್ತು ಸಲ. ಆಮೇಲೆ ಒಂದು ಬೈಗುಳ. ಅದ್ರ ಹಿಂದೆ ಒಂದು ತೀರ್ಪು: "ಇದು ಸತ್ತೋತು, ಹೊಸದು ತರವು." ಹೊಸದಕ್ಕೆ ದುಡ್ಡಿಲ್ಲೆ ಅಂದ್ರೆ, "ಈ ವರ್ಷ ಔಷ್ದ ಹೊಡ್ಸಿಬಿಡನ."

ಈ ತೀರ್ಪನ್ನ ಆನು ಒಪ್ತಿಲ್ಲೆ. ನಿಂಗನೂ ಒಪ್ಪಡಿ ಹೇಳಲೇ ಇದನ್ನ ಬರೀತಾ ಇದ್ದಿ. ತಿಂಗಳುಗಟ್ಟಲೆ ಕೊಟ್ಟಿಗೆ ಮೂಲೆಲಿ ಬಿದ್ದಿದ್ದ ಮಿಷನ್ ಸ್ಟಾರ್ಟ್ ಆಗ್ತಿಲ್ಲೆ ಅಂದ್ರೆ ಹೆಚ್ಚಿನ ಸಲ ಅದ್ರೊಳಗೆ ಮುರಿದದ್ದು, ಸವೆದದ್ದು ಎಂತೂ ಇರ್ತಿಲ್ಲೆ. ಪೆಟ್ರೋಲ್ ಹಳಸಿರ್ತು, ಇಲ್ಲ ಗಾಳಿ ದಾರಿ ಕಟ್ಟಿರ್ತು, ಇಲ್ಲ ಪ್ಲಗ್ಗಿಗೆ ಮಸಿ ಹಿಡಿದಿರ್ತು. ಮೂರನ್ನೂ ನೋಡಲೆ ಬೇಕಾದ್ದು ಒಂದು ಪ್ಲಗ್ ಪಾನಾ, ಒಂದು ಹಳೆ ವಸ್ತ್ರ, ಅರ್ಧ ಗಂಟೆ ಪುರಸೊತ್ತು. ಇಷ್ಟೂ ಮಾಡದೇ ಸಾವಿರಾರು ರೂಪಾಯಿ ಮಿಷನ್ನ ಗುಜರಿಗೆ ಹಾಕದು, ಇಲ್ಲ ತೋಟಕ್ಕೆ ವಿಷ ಹೊಡ್ಸದು ಎಂತ ನ್ಯಾಯ?

"ಹೆಂಗಸ್ರಿಗೆ ಮಿಷನ್ ವಿಷ್ಯ ಎಂತ ತಿಳೀತು" ಹೇಳ ಮಾತೊಂದಿದ್ದಲೆ, ಅದ್ನ ಮೊದ್ಲೇ ಮುಗಿಸ್ತಿ. ಆಷಾಢದ ಮಳೆಲಿ ಬಚ್ಚಲೊಲೆಗೆ ಬೆಂಕಿ ಹಿಡ್ಸದು ಯಾರು? ಕಟ್ಟಿಗೆ ಹಸಿ ಇದ್ದಾ, ಬೂದಿ ತುಂಬಿ ಗಾಳಿ ಆಡ್ತಿಲ್ಯಾ, ಬೆಂಕಿಪೊಟ್ಟಣ ಥಂಡಿ ಹಿಡಿದ್ದಾ, ಕೈಯಿಟ್ಟ ಕೂಡ್ಲೆ ನಂಗಕ್ಕೆ ಗೊತ್ತಾಗ್ತು. ಒಲೆ ಹೊತ್ತಿದ್ದಿಲ್ಲೆ ಹೇಳಿ ಯಾರೂ ಹೊಸ ಒಲೆ ಕಟ್ಸಿದ್ದು ಆನು ಕಂಡಿದ್ದಿಲ್ಲೆ. ಮಿಷನ್ನಿಗೂ ಬೇಕಾದ್ದು ಇವೇ ಮೂರು: ಉರಿಯ ವಸ್ತು, ಗಾಳಿ, ಕಿಡಿ. ಕಟ್ಟಿಗೆ ಹಸಿ ಇದ್ರೆ ಊದುಗೊಳವೆಲಿ ಎಷ್ಟು ಊದಿದ್ರೂ ಹೊಗೆಯೇ. ಮೂವತ್ತು ಸಲ ಹಗ್ಗ ಎಳೆಯದೂ ಹಂಗೇ ಊದದು. ಅದೂ ಎಷ್ಟೋ ಮನೆಲಿ ಈಗ ಇಪ್ಪದು ಅರವತ್ತು ಎಪ್ಪತ್ತು ದಾಟಿದ ಇಬ್ರೇ, ಮಕ್ಕ ಬೆಂಗಳೂರಲ್ಲಿ. ಆ ವಯಸ್ಸಿನವ್ರ ರಟ್ಟೆಲಿ ಎಷ್ಟು ಎಳೆತ ಇದ್ದು?

ಮೊದ್ಲು ಪೆಟ್ರೋಲು. ನಿನ್ನೆ ಸಾಂಬಾರು ಹಳಸಿದ್ದಾ ಹೇಳಿ ಮೂಸಿ ನೋಡ ನಂಗ, ಮಾಘದಲ್ಲಿ ಟ್ಯಾಂಕಿಗೆ ಹಾಕಿದ್ದು ಭಾದ್ರಪದದ ತನಕ ಚೊಲೋ ಇರ್ತು ಹೇಳಿ ನಂಬ್ತ್ಯ. ಇರ್ತಿಲ್ಲೆ. ಪೆಟ್ರೋಲಿನಲ್ಲಿ ಬೇಗ ಬೆಂಕಿ ಹಿಡಿಯುವ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ, ಉಳಿದದ್ದು ಬರ್ತಾ ಬರ್ತಾ ಅಂಟಾಗುತ್ತದೆ. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಬರುವ ತೂತು ಸೂಜಿ ಮೊನೆಯಷ್ಟು ಸಣ್ಣದು. ಅಲ್ಲಿ ಆ ಅಂಟು ಕಟ್ಟಿದ್ರೆ ಆತು, ಹನಿಯೂ ದಾಟ್ತಿಲ್ಲೆ. ಈಗಂತೂ ಬಂಕಿನ ಪೆಟ್ರೋಲಿಗೆ ಎಥನಾಲ್ ಸೇರ್ಸ್ತ. 2025ರಲ್ಲಿ ನಮ್ಮ ದೇಶದಲ್ಲಿ ಅದರ ಪ್ರಮಾಣ ಶೇ. 20ಕ್ಕೆ ಬಂತು. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣ. ಉಪ್ಪಿನ ಭರಣಿ ಮುಚ್ಚಳ ತೆಗೆದಿಟ್ರೆ ಮಳೆಗಾಲದಲ್ಲಿ ಎಂತಾಗ್ತು ಹೇಳಿ ನಿಂಗಕ್ಕೆ ಗೊತ್ತಿದ್ದು, ಅರ್ಧ ಖಾಲಿ ಟ್ಯಾಂಕಿನೊಳಗೂ ಅದೇ ಕಥೆ. ನೀರು ಹೆಚ್ಚಾದ್ರೆ ನೀರು-ಎಥನಾಲ್ ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳೀತು. ಪೈಪು ಎಳೆಯದು ಆ ತಳದ್ದನ್ನೇ. ಹಳೆ ಮಿಷನ್ನಿನ ರಬ್ಬರ್ ಪೈಪು, ಕಾರ್ಬೊರೇಟರಿನ ತೆಳು ಪರದೆ ಇಂಥ ಪೆಟ್ರೋಲಿಗೆ ಹೇಳಿ ಮಾಡಿದ್ದಲ್ಲ, ಗಟ್ಟಿಯಾಗಿ ಬಿರೀತು. (ಅಮೆರಿಕದಲ್ಲಿಪ್ಪ ತಂಗ್ಯಕ್ಕ ಓದ್ತಿದ್ರೆ, ನಿಂಗಳ ಲಾನ್ ಮೂವರ್ ಚಳಿಗಾಲ ಪೂರ್ತಿ ಮಲಗಿ ಎದ್ದು ಮುನಿಸ್ಕಂಬದೂ ಇದೇ ಕಾರಣಕ್ಕೆ.)

ಹಂಗಾಗಿ ಹಗ್ಗ ಮುಟ್ಟಕ್ಕಿಂತ ಮುಂಚೆ ಟ್ಯಾಂಕ್ ಖಾಲಿ ಮಾಡವು. ಅಂಗಳದಲ್ಲಿ, ಒಲೆ-ದೀಪದಿಂದ ದೂರ. ಬಸಿದದ್ದನ್ನ ಗಾಜಿನ ಬಾಟ್ಲಿಲಿ ಬೆಳಕಿಗೆ ಹಿಡಿದು ನೋಡಿ. ಬಣ್ಣ ಕಪ್ಪಾಗಿ ವಾರ್ನಿಶಿನ ಹಂಗೆ ವಾಸನೆ ಬತ್ತಾ ಇದ್ರೆ, ತಳದಲ್ಲಿ ಬೇರೆ ಪದರ ನಿಂತಿದ್ರೆ ಉತ್ತರ ಸಿಕ್ಕಂಗೇ. ಅದ್ನ ಬಚ್ಚಲೊಲೆಗೆ ಹೊಯ್ದು ಮುಗಿಸನ ಹೇಳ ಯೋಚ್ನೆ ಬಿಲ್ಕುಲ್ ಬೇಡ, ಮುಖ ಸುಟ್ಟುಹೋಗ್ತು. ಕಾಲುವೆಗೂ ಚೆಲ್ಲಲಾಗ. ಗ್ಯಾರೇಜಿನವಕ್ಕೆ ಕೊಡಿ. ಪೈಪಿನ ತುದಿಲಿ ಟ್ಯಾಂಕಿನೊಳಗೆ ಒಂದು ಸಣ್ಣ ಫಿಲ್ಟರ್ ಇರ್ತು, ತಂತಿ ಬಗ್ಗಿಸಿ ಎಳೆದು ತೆಗೆಯಲೆ ಬತ್ತು. ಅದು ಕಪ್ಪಾಗಿ ಅಂಟಂಟು ಇದ್ರೆ ಬದ್ಲು ಮಾಡಿ.

ಹೊಸ ಪೆಟ್ರೋಲ್ ಹಾಕಕಾದ್ರೆ ಒಂದು ಮಾತು. ಎರಡು ಸ್ಟ್ರೋಕಿನ ಮಿಷನ್ನಿಗೆ 2ಟಿ ಆಯಿಲ್ ಬೆರೆಸವು, ನಾಲ್ಕು ಸ್ಟ್ರೋಕಿಂದಕ್ಕೆ ಬೆರೆಸಲಾಗ, ಅದಕ್ಕೆ ಆಯಿಲ್ ಜಾಗವೇ ಬೇರೆ. ಎಷ್ಟು ಬೆರೆಸದು ಹೇಳಿ ಮಿಷನ್ನಿನ ಮುಚ್ಚಳದ ಮೇಲೋ ಪುಸ್ತಕದಲ್ಲೋ ಇರ್ತು: 50ಕ್ಕೆ 1 ಹೇಳಿದ್ರೆ ಲೀಟರಿಗೆ 20 ಮಿಲಿ, 25ಕ್ಕೆ 1 ಹೇಳಿದ್ರೆ 40 ಮಿಲಿ. "ಒಂದು ಅಂದಾಜಿಗೆ" ಹೊಯ್ಯದು ನಮ್ಮನೆ ಗಂಡಸ್ರ ಪದ್ಧತಿ. ಪಾಯಸಕ್ಕೆ ಬೆಲ್ಲ ಅಂದಾಜಿಗೆ ಹಾಕಿದ್ರೆ ತಪ್ಪು ಹುಡುಕ್ತ, ಇಲ್ಲಿ ಮಾತ್ರ ಅಂದಾಜು! ಆಯಿಲ್ ಕಡಿಮೆಯಾದ್ರೆ ಪಿಸ್ಟನ್ ಸುಟ್ಟು ನಿಜವಾಗ್ಲೂ ಸಾಯ್ತು, ಹೆಚ್ಚಾದ್ರೆ ಪ್ಲಗ್ ಮಸಿ.

ಎಳೆಯದಕ್ಕೂ ಒಂದು ಕ್ರಮ ಇದ್ದು. ಸ್ವಿಚ್ ಆನ್ ಇದ್ದಾ ನೋಡಿ. ನಗಡಿ, ಅದೇ ಆಫ್ ಇದ್ದ ಮಿಷನ್ ರಿಪೇರಿಗೆ ಹೋದ ಕಥೆ ಊರೂರಲ್ಲಿದ್ದು. ಗುಳ್ಳೆ ಹಂಗಿಪ್ಪ ರಬ್ಬರ್ ಗುಂಡಿ ಇದ್ರೆ ಅದ್ರೊಳಗೆ ಪೆಟ್ರೋಲ್ ಕಾಣ ತನಕ ಒತ್ತಿ. ತಣ್ಣಗಿದ್ದ ಮಿಷನ್ನಿಗೆ ಚೋಕ್ ಹಾಕಿ ಎಳೀರಿ. ಒಂದು ಸಲ ಕೆಮ್ಮಿದ ಹಂಗೆ ಆತಾ, ಕೂಡ್ಲೆ ಚೋಕ್ ತೆಗೀರಿ. ಕೆಮ್ಮಿದ್ಮೇಲೂ ಚೋಕಿನಲ್ಲೇ ಎಳೆದೂ ಎಳೆದೂ ಒಳಗೆ ಪೆಟ್ರೋಲ್ ತುಂಬ್ಸಿ, ಆಮೇಲೆ ಮಿಷನ್ನ ಬೈಯದು ಎಂತ ಶಾಣ್ಯಾತನ?

ಅಷ್ಟಾದ್ರೂ ಹೊತ್ತಿದ್ದಿಲ್ಲೆ ಅಂದ್ರೆ ಪ್ಲಗ್ ಬಿಚ್ಚಿ. ಇಲ್ಲೇ ಇಪ್ಪದು ಮುಖ್ಯ ಸಂಗತಿ, ಹಿಟ್ಟು ಹದ ಬೆರಳಲ್ಲಿ ನೋಡಿದ ಹಂಗೆ. ಪ್ಲಗ್ಗಿನ ತುದಿ ಒದ್ದೆ ಇದ್ರೆ ಪೆಟ್ರೋಲ್ ಬತ್ತಾ ಇದ್ದು, ಕಿಡಿ ಇಲ್ಲೆ, ಇಲ್ಲ ಪೆಟ್ರೋಲ್ ಹೆಚ್ಚಾಯ್ದು. ಒಣಗಿದ್ರೆ ಪೆಟ್ರೋಲೇ ಬರ್ತಿಲ್ಲೆ, ದಾರಿಲಿ ಎಲ್ಲೋ ಕಟ್ಟಿದ್ದು. ಈ ಒಂದು ನೋಟದಲ್ಲಿ ಅರ್ಧ ರೋಗ ಗೊತ್ತಾಗ್ತು. ಒದ್ದೆ ಇದ್ರೆ ಪ್ಲಗ್ ಹೊರಗಿಟ್ಟು, ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ ನಾಲ್ಕಾರು ಸಲ ಹಗ್ಗ ಎಳೆದ್ರೆ ತುಂಬಿದ ಪೆಟ್ರೋಲ್ ಹಾರಿಹೋಗ್ತು. ಪ್ಲಗ್ ಒರೆಸಿ, ಮಸಿ ಕೆರೆದು ಒಣಗ್ಸಿ ಹಾಕಿ. ಕಿಡಿ ಬತ್ತಾ ಹೇಳಿ ಹೊರಗೆ ಹಿಡಿದು ನೋಡ ಆಟ ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಬೇಡ. ಅದ್ರ ಬದ್ಲು ಹೊಸ ಪ್ಲಗ್ಗೇ ಹಾಕಿ ನೋಡಿ, ಮಿಷನ್ನಿನಲ್ಲಿ ಅಗ್ಗದ ಸಾಮಾನು ಅದು. ಪ್ಲಗ್ ಒಣಗಿದ್ರೆ ಕಾರ್ಬೊರೇಟರ್ ತೊಳೆಯವು, ಅದಕ್ಕೆ ಸ್ಪ್ರೇ ಸಿಗ್ತು. ಆ ಹಿತ್ತಾಳೆ ತೂತಿಗೆ ಮಾತ್ರ ಸೂಜಿ, ಪಿನ್ನು ಚುಚ್ಚಲಾಗ. ತೂತು ಅಗಲ ಆದ್ರೆ ಮತ್ತೆ ಸಣ್ಣ ಆಗ್ತಿಲ್ಲೆ.

ಗಾಳಿದು ಬೇಗ ಮುಗೀತು. ಏರ್ ಫಿಲ್ಟರಿನ ಸ್ಪಂಜನ್ನ ಸೋಪಿನ ನೀರಲ್ಲಿ ತೊಳೆದು ಪೂರಾ ಒಣಗ್ಸಿ ಹಾಕದು, ಅಷ್ಟೇಯ. ಆದ್ರೆ ಸೈಲೆನ್ಸರಿನ ಬಾಯಿಯನ್ನೂ ನೋಡಿ. ನಮ್ಮ ಕಡೆ ಕಣಜದ ಹುಳಕ್ಕೆ ಮಣ್ಣಿನ ಗೂಡು ಕಟ್ಟಲೆ ಇದಕ್ಕಿಂತ ಚೊಲೋ ಜಾಗ ಸಿಗ್ತಿಲ್ಲೆ. ಹೊಗೆ ಹೊರಗೆ ಹೋಗಲೆ ದಾರಿ ಇಲ್ಲದ ಒಲೆ ಹೆಂಗೆ ಉರೀತು?

ಈಗ ಆ "ಔಷ್ದ"ದ ವಿಷ್ಯಕ್ಕೆ ಬತ್ತಿ, ಯಂಗೆ ಸಿಟ್ಟು ಬಪ್ಪದೇ ಅಲ್ಲಿ. ಹುಲ್ಲು ಸಾಯ್ಸ ವಿಷಕ್ಕೆ ಔಷ್ದ ಹೇಳಿ ಹೆಸರಿಟ್ಟವ್ರು ಯಾರೋ! ಮಿಷನ್ ಸ್ಟಾರ್ಟ್ ಆಗದ ವರ್ಷವೇ ಅದು ಮೊದ್ಲ ಸಲ ತೋಟದೊಳಗೆ ಬಪ್ಪದು, ಆಮೇಲೆ ಸುಲಭ ಹೇಳಿ ರೂಢಿಯಾಗ್ತು. ಹೆಚ್ಚಾಗಿ ಬಳಸ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು. 2022ರಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇದ್ದವರ ಹೊರತು ಬೇರೆಯವರು ಅದನ್ನು ಬಳಸಬಾರದು ಎಂದು ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ಅದ್ನ ಹೊಡೆಯದು ಯಾರು? ಮೂಗಿಗೆ ಒಂದು ಟವೆಲ್ ಕಟ್ಟಿಕ್ಯಂಡು, ಬರೀ ಕಾಲಲ್ಲಿ. ಆ ಅಂಗಿ ತೊಳೆಯದು ಯಾರು? ನಂಗನೇ. ದಣಪೆ ಹತ್ರದ ಒಂದೆಲಗ, ಕಾಲುವೆ ಬದಿ ಹೊನಗೊನೆ ಸೊಪ್ಪು, ತಂಬ್ಳಿಗೆ ಕೊಯ್ಯ ಕನ್ನೆಕುಡಿ, ಇವೆಲ್ಲ ಆ ವಿಷದ ಲೆಕ್ಕದಲ್ಲಿ ಬರೀ ಕಳೆ. ದನಕ್ಕೆ ಹಾಕ ಹುಲ್ಲೂ ಅದೇ ತೋಟದ್ದು. ಮಿಷನ್ನಿನಲ್ಲಿ ಹೊಡೆದ್ರೆ ಹುಲ್ಲು ಅಲ್ಲೇ ಬಿದ್ದು ಕೊಳೆದು ಮರದ ಬುಡಕ್ಕೆ ಗೊಬ್ಬರ, ಬೇರು ಮಣ್ಣು ಹಿಡ್ಕಂಡಿರ್ತು. ಬೇರು ಸಮೇತ ಸಾಯ್ಸಿದ್ರೆ ಮುಂದಿನ ಮಳೆಲಿ ಮೇಲ್ಮಣ್ಣು ಹೊಳೆಗೆ. ಸೂಜಿ ಮೊನೆಯಷ್ಟು ತೂತಿನಲ್ಲಿ ಅಂಟು ಕಟ್ಟಿದ್ದಕ್ಕೆ ತೋಟ ಇಷ್ಟು ದಂಡ ತೆರವಾ?

ರಿಪೇರಿಯವ್ರೆಲ್ಲ ಮೋಸಗಾರ್ರು ಹೇಳ್ತಿಲ್ಲೆ. ಆದ್ರೆ "ಕಾರ್ಬೊರೇಟರ್ ಹೋಯ್ದು, ಹೊಸದು ಹಾಕವು" ಹೇಳಿದ ಕೂಡ್ಲೆ ತಲೆ ಆಡ್ಸಡಿ. ತೊಳೆದು ನೋಡಿದ್ರಾ, ಒಳಗೆ ಎಂತ ಸಿಕ್ಚು, ಹಳೆದನ್ನ ಕೊಡಿ, ಈ ಮೂರು ಮಾತು ಕೇಳಿ. ಪ್ಲಗ್ ಒದ್ದೆ ಇತ್ತಾ ಒಣಗಿತ್ತಾ ಹೇಳಿ ಹೋದಾಗ್ಲೇ ಹೇಳಿದ್ರೆ ಅವ್ರ ಧಾಟಿಯೇ ಬೇರೆ ಆಗ್ತು. ನಿಜವಾಗಿ ಅವ್ರ ಹತ್ರ ಹೋಗ ಸಂಗತಿಯೂ ಇದ್ದು. ಹಗ್ಗ ಎಳೆದಾಗ ಬಿಗಿಯೇ ಇಲ್ಲದೆ ಸುಮ್ನೆ ಬಂದುಬಿಟ್ರೆ ಪಿಸ್ಟನ್, ರಿಂಗು ಸವೆದಿರಕ್ಕು. ಹೊಸ ಪ್ಲಗ್ ಹಾಕಿದ್ರೂ ಕಿಡಿ ಇಲ್ಲೆ ಅಂದ್ರೆ ಕಾಯಿಲ್ ಹೋಗಿರಕ್ಕು. ಅದು ಮನೆಲಿ ಮಾಡ ಕೆಲ್ಸ ಅಲ್ಲ.

"ಇರ ಕೆಲ್ಸ ಸಾಲ್ದಾ, ಇದೂ ನಂಗನೇ ಮಾಡವಾ" ಹೇಳಿ ಒಬ್ಬತ್ತಿಗೆ ಫೋನಲ್ಲೇ ಜಗಳಕ್ಕೆ ಬಂತು. ಆ ಸಿಟ್ಟು ಯಂಗೆ ಅರ್ಥ ಆಗ್ತು. ಮಿಷನ್ ಹೆಗಲಿಗೆ ಹಾಕ್ಕಂಡು ಬ್ಯಾಣಕ್ಕೆ ಹೋಗಿ ಹೇಳಿ ಆನು ಹೇಳ್ತಿಲ್ಲೆ, ಹೋಪವು ಹೋಗ್ಲಿ. ಆದ್ರೆ ಆಳು ಬಂದು, ಮಿಷನ್ ಎದ್ದಿದ್ದಿಲ್ಲೆ ಹೇಳಿ ಜಗಲಿಲಿ ಕೂತಾಗ ಅವ್ರಿಗೆ ಚಾ ಮಾಡಿ ಕೊಡದು, ಅರ್ಧ ದಿನದ ಸಂಬಳ ಎಣಿಸದು ಹೆಂಗೂ ನಂಗಳ ಪಾಲಿಗೇ ಬತ್ತು. ಆ ಚಾ ಕುದಿಯ ಹೊತ್ತಿನಲ್ಲಿ ಪ್ಲಗ್ ಬಿಚ್ಚಿ ನೋಡಲೆ ಆಗ್ತು. ಯಾವುದು ದೊಡ್ಡ ಕೆಲ್ಸ ಹೇಳಿ ನಿಂಗನೇ ಲೆಕ್ಕ ಹಾಕಿ. ಅಲಗಿನ ಹತ್ರ ಕೈ ಹಾಕಕಾದ್ರೆ ಮಾತ್ರ ಪ್ಲಗ್ಗಿನ ಟೋಪಿ ಮೊದ್ಲು ಕಿತ್ತಿಡಿ, ಮಿಷನ್ ಬಿಸಿ ಇದ್ದಾಗ ಪೆಟ್ರೋಲ್ ಹೊಯ್ಯಡಿ, ಬಾಗಿಲು ಹಾಕಿದ ಕೊಟ್ಟಿಗೆಯೊಳಗೆ ಸ್ಟಾರ್ಟ್ ಮಾಡಲೂ ಆಗ, ಆ ಹೊಗೆ ವಿಷ.

ಹುಲ್ಲು ಹೊಡೆಯ ಕೆಲ್ಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದು ಸುಟ್ಟು ತನ್ನಷ್ಟಕ್ಕೆ ನಿಲ್ಲ ತನಕ ಓಡ್ಸಿ, ಸೈಲೆನ್ಸರ್ ಬಾಯಿಗೆ ವಸ್ತ್ರ ಕಟ್ಟಿಡಿ. ಮುಂದಿನ ವರ್ಷ ಬಿಚ್ಚಲೆ ಮರೆಯಡಿ. ಮಿಕ್ಕ ಪೆಟ್ರೋಲನ್ನ ಕುಡಿಯ ನೀರಿನ ಬಾಟ್ಲಿಲಿ ಇಡ ಚಟ ಇವತ್ತೇ ನಿಲ್ಸಿ, ಮನೆಲಿ ಮಕ್ಕ ಇರ್ತ. ಬೇರೆ ಕ್ಯಾನು ಮಾಡಿ, ಅದ್ರ ಮೇಲೆ ಪೆಟ್ರೋಲು, ಆಯಿಲ್ ಎಷ್ಟು ಬೆರೆಸಿದ್ದು, ಯಾವ ತಾರೀಕು ಹೇಳಿ ಚೀಟಿ ಅಂಟಿಸಿ. "ಇದೆಂತ, ಉಪ್ಪಿನಕಾಯಿ ಭರಣಿಯಾ?" ಹೇಳಿ ನಗ್ತ. ನಗ್ಲಿ.