ಮಿತಿ ಇರಲಿ, ನಿರಾಕರಣೆಗೆ ದಾಖಲೆಯೂ ಇರಲಿ

ಪ್ರತಿ ತಿಂಗಳ 20ನೇ ತಾರೀಖು ಎನ್.ಆರ್. ಕಾಲೋನಿಯ ನಮ್ಮ ಕಚೇರಿಯಲ್ಲಿ ದೀಪ ಆರುವುದು ತಡವಾಗುತ್ತದೆ. ಜಿಎಸ್‌ಟಿಆರ್-3ಬಿ ಸಲ್ಲಿಸಲು ಅಂದೇ ಕಡೆಯ ದಿನ. ಕಡೆಯ ದಿನದವರೆಗೆ ಕಾಯುವ ಚಟ ನಮ್ಮ ವರ್ತಕ ಬಂಧುಗಳಿಗಿದೆ, ನಿಜ. ಆದರೆ ಮಧ್ಯರಾತ್ರಿಯವರೆಗಿನ ಅವಕಾಶ ಕಾನೂನೇ ಕೊಟ್ಟದ್ದು.

ಗಣಕಯಂತ್ರಗಳಿಗೂ ಸಂಪರ್ಕದ ಮಿತಿ ಇರುತ್ತದೆ. ಐಬಿಎಂ ಮೇನ್‌ಫ್ರೇಮ್‌ನ ಝಡ್/ವಿಎಂ ವ್ಯವಸ್ಥೆಯನ್ನೇ ನೋಡಿ. ಒಂದೇ ಕಟ್ಟಡದಲ್ಲಿ ಹಲವು ಅಂಗಡಿಗಳಿರುವಂತೆ ಅಲ್ಲಿ ಒಂದೇ ಯಂತ್ರದೊಳಗೆ ಅನೇಕ ವರ್ಚುವಲ್ ಯಂತ್ರಗಳಿರುತ್ತವೆ. ಇವು ಐಯುಸಿವಿ ಎಂಬ ಮಾರ್ಗದ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಒಂದೊಂದಕ್ಕೂ ಎಷ್ಟು ಸಂಪರ್ಕ ಎಂಬುದನ್ನು ಮ್ಯಾಕ್ಸ್‌ಕಾನ್ ಎಂಬ ನಮೂದು ನಿರ್ಧರಿಸುತ್ತದೆ. ಏನನ್ನೂ ನಮೂದಿಸದಿದ್ದರೆ ಮಿತಿ 64. ಅದನ್ನು 65,535ರವರೆಗೆ ಏರಿಸಬಹುದು. ನಿರ್ವಾಹಕರು ಏರಿಸಲು ಮರೆತರೆ, ಯಂತ್ರದ ಸಾಮರ್ಥ್ಯ ಎಷ್ಟೇ ಉಳಿದಿದ್ದರೂ 65ನೆಯವನಿಗೆ ಪ್ರವೇಶವಿಲ್ಲ.

ಲೆಕ್ಕಪರಿಶೋಧಕನಾದ ನನಗೆ ಮೆಚ್ಚುಗೆಯಾದದ್ದು ಮುಂದಿನ ಸಂಗತಿ. ಈ ನಿರಾಕರಣೆ ಮೌನವಾದುದಲ್ಲ. ಕೇಳಿದವನ ಮಿತಿ ಮುಗಿದಿದ್ದರೆ ಸಂಕೇತ 13, ಎದುರಿನವನ ಮಿತಿ ಮುಗಿದಿದ್ದರೆ ಸಂಕೇತ 14. ತಡೆ ಯಾರ ಕಡೆಯದೆಂಬುದು ಒಂದು ಅಂಕಿಯಲ್ಲಿ ತಿಳಿಯುತ್ತದೆ.

ಜಿಎಸ್‌ಟಿ ಜಾಲತಾಣದ ರಚನೆ ಬೇರೆ. ಪ್ರಶ್ನೆ ಮಾತ್ರ ಅದೇ. 2020ರ ಜನವರಿಯಲ್ಲಿ ದಟ್ಟಣೆ ತಗ್ಗಿಸಲೆಂದು ಕಡೆಯ ದಿನವನ್ನು 20, 22, 24 ಎಂದು ಹಂಚಲಾಯಿತು; 5 ಕೋಟಿಯೊಳಗಿನ ವಹಿವಾಟಿನ ಕರ್ನಾಟಕದ ವರ್ತಕರ ಪಾಲಿಗೆ 22 ಬಂದಿತು. ಅದೇ ವರ್ಷ ಮಾರ್ಚ್ 14ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಇನ್ಫೋಸಿಸ್‌ನ ನಂದನ್ ನಿಲೇಕಣಿಯವರು ವಿವರಣೆ ನೀಡಿದರು. ಏಕಕಾಲದ ಬಳಕೆದಾರರ ಸಂಖ್ಯೆಯನ್ನು 1.5 ಲಕ್ಷದಿಂದ 3 ಲಕ್ಷಕ್ಕೆ ಏರಿಸಬೇಕೆಂದು ಆಗ ತೀರ್ಮಾನವಾಯಿತು. ಮಿತಿ ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮಿತಿ ಇದ್ದುದನ್ನು ನಾನು ತಪ್ಪೆನ್ನಲಾರೆ. ಒಳಗೆ ಬರಲಾಗದವನ ಕೈಗೆ ಒಂದು ಚೀಟಿಯೂ ಸಿಗದಿರುವುದು ತಪ್ಪು.

ಚೀಟಿ ಇಲ್ಲದ್ದರ ಬೆಲೆ ಏನೆಂಬುದನ್ನು ಟ್ರಾನ್-1 ಪ್ರಕರಣ ತೋರಿಸಿಕೊಟ್ಟಿದೆ. ಹಳೆಯ ತೆರಿಗೆಗಳ ಜಮೆಯನ್ನು ಹೊಸ ವ್ಯವಸ್ಥೆಗೆ ತರುವ ನಮೂನೆ ಅದು. ತಾಂತ್ರಿಕ ಅಡಚಣೆಯಿಂದ ಸಲ್ಲಿಸಲಾಗದವರಿಗಾಗಿ 2018ರ ಸೆಪ್ಟೆಂಬರ್‌ನಲ್ಲಿ 117(1ಎ) ನಿಯಮ ಬಂದಿತು. ಆದರೆ ಯತ್ನಿಸಿದ ಗುರುತು ಜಾಲತಾಣದ ಲಾಗ್‌ನಲ್ಲಿ ಇಲ್ಲವೆಂದು ಅನೇಕರ ಕೋರಿಕೆ ತಿರಸ್ಕೃತವಾಯಿತು. ಬಾಗಿಲಲ್ಲೇ ತಡೆಯಲ್ಪಟ್ಟವನ ಗುರುತು ಒಳಗಿನ ಪುಸ್ತಕದಲ್ಲಿ ಹೇಗೆ ತಾನೇ ಇದ್ದೀತು? ಫಿಲ್ಕೋ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಜುಲೈ 22ರಂದು ಆದೇಶಿಸಿದ ಮೇಲಷ್ಟೇ ಆ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಎಲ್ಲರಿಗೂ ಮತ್ತೆ ಅವಕಾಶ ದೊರೆಯಿತು. ಐದು ವರ್ಷ ಸಿಲುಕಿದ್ದ ದುಡಿಮೆಯ ಬಂಡವಾಳಕ್ಕೆ ಬಡ್ಡಿ ಕಟ್ಟಿದವನು ವರ್ತಕ.

ಆದ್ದರಿಂದ ನಮ್ಮ ಮಂಡಳಿಯು ಒಂದು ಬೇಡಿಕೆಯನ್ನು ಮುಂದಿಡಬೇಕೆಂದು ನನ್ನ ಸಲಹೆ. ಮುಖ್ಯ ಜಾಲತಾಣದಿಂದ ಪ್ರತ್ಯೇಕವಾದ, ಹಗುರವಾದ ಪುಟವೊಂದಿರಲಿ. ಪ್ರವೇಶ ಸಿಗದವನು ಅಲ್ಲಿ ತನ್ನ ಜಿಎಸ್‌ಟಿ ಸಂಖ್ಯೆ ನಮೂದಿಸಿದರೆ, ದಿನಾಂಕ, ವೇಳೆ, ಆಗ ದಟ್ಟಣೆ ಇತ್ತೇ ಎಂಬ ಅಂಶಗಳುಳ್ಳ ಟೋಕನ್ ದೊರೆಯಲಿ. ಬ್ಯಾಂಕಿನಲ್ಲಿ ಹಿತ್ತಾಳೆಯ ಬಿಲ್ಲೆ ಹಿಡಿದು ಕುಳಿತ ನಮ್ಮ ಪೀಳಿಗೆಗೆ ಇದು ಹೊಸದಲ್ಲ. ಟೋಕನ್ ಮಾತ್ರದಿಂದ ವಿಳಂಬ ಶುಲ್ಕ ಮನ್ನಾ ಆಗಬೇಕೆಂದಲ್ಲ. ಅಧಿಕಾರಿಯ ಮುಂದೆ ಇಡಲು ಒಂದು ಕಾಗದ ಬೇಕು.

ಅಲ್ಲಿಯವರೆಗೆ ತೆರಿಗೆಯ ಹಣವನ್ನಾದರೂ ಕಡೆಯ ದಿನದೊಳಗೆ ನಗದು ಲೆಡ್ಜರ್‌ಗೆ ಜಮಾ ಮಾಡಿರಿ. 2024ರ ಜುಲೈನಲ್ಲಿ ತಿದ್ದುಪಡಿಯಾದ 88ಬಿ ನಿಯಮದಂತೆ, ನಮೂನೆ ಸಲ್ಲಿಸುವವರೆಗೆ ಅಲ್ಲಿಯೇ ಉಳಿದಿರುವ ಆ ಮೊತ್ತಕ್ಕೆ ಶೇ. 18ರ ಬಡ್ಡಿ ಬೀಳುವುದಿಲ್ಲ. ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕ ಮಾತ್ರ ಉಳಿಯುತ್ತದೆ.