ಬೆಂಕಿ ಆರಿಸಲು ಸದಾ ಸಿದ್ಧವಿದ್ದ ಕೋಚ್ ಈ ಬಾರಿ ‘ಬೇಡ’ ಎಂದದ್ದೇಕೆ? ರನಿಯೇರಿ ನಿರಾಕರಣೆಯಲ್ಲಿ ಇಟಲಿಗಿರುವ ಪಾಠ

2025ರ ಜೂನ್ 6ರ ರಾತ್ರಿ ಓಸ್ಲೊದಲ್ಲಿ ನಾರ್ವೆ ಎದುರು ಇಟಲಿ 0-3 ಗೋಲುಗಳಿಂದ ಸೋತಿತು. ಎರಡು ದಿನ ಕಳೆಯುವಷ್ಟರಲ್ಲಿ ಕೋಚ್ ಲೂಸಿಯಾನೊ ಸ್ಪಲೆಟ್ಟಿ ಪತ್ರಿಕಾಗೋಷ್ಠಿಯಲ್ಲಿ ಕುಳಿತು, ತಮ್ಮನ್ನು ತೆಗೆದುಹಾಕಿರುವ ಸುದ್ದಿಯನ್ನು ತಾವೇ ತಿಳಿಸಿದರು. ಮರುದಿನ ಮಾಲ್ಡೋವಾ ವಿರುದ್ಧದ ಪಂದ್ಯಕ್ಕೆ ಮೈದಾನದ ಬದಿಯಲ್ಲಿ ನಿಂತು ತಂಡವನ್ನು ಗೆಲ್ಲಿಸಿದವರೂ ಅವರೇ. ಕೆಲಸ ಹೋಗಿದೆ ಎಂದು ಗೊತ್ತಿದ್ದೂ ಇನ್ನೊಂದು ದಿನ ಡ್ಯೂಟಿ ಮಾಡಿ ಹೊರಟರು.

ಆ ಖಾಲಿ ಕುರ್ಚಿಗೆ ಇಟಲಿ ಫುಟ್‌ಬಾಲ್ ಫೆಡರೇಷನ್ ಬಯಸಿದ ಹೆಸರು ಕ್ಲಾಡಿಯೊ ರನಿಯೇರಿ. ಆಗ ಅವರ ವಯಸ್ಸು 73. ಬಹುತೇಕ ಒಪ್ಪಿಕೊಂಡೇ ಬಿಟ್ಟರು ಎಂಬ ವರದಿಗಳ ನಡುವೆ, ಜೂನ್ 10ರಂದು ಅವರು ‘ಆಗುವುದಿಲ್ಲ’ ಎಂದರು. ರೋಮಾ ಕ್ಲಬ್ಬಿನಲ್ಲಿ ಮಾಲೀಕರ ಹಿರಿಯ ಸಲಹೆಗಾರನಾಗಿ ಒಪ್ಪಿಕೊಂಡ ಕೆಲಸಕ್ಕೆ ಪೂರ್ತಿ ಸಮಯ ಕೊಡಬೇಕಿದೆ ಎಂಬುದು ಅವರು ಕೊಟ್ಟ ಕಾರಣ. ಐದು ದಿನಗಳ ನಂತರ, 2006ರ ವಿಶ್ವಕಪ್ ಗೆದ್ದ ತಂಡದ ಆಟಗಾರ ಗೆನ್ನಾರೊ ಗಟ್ಟೂಸೊ ಅವರನ್ನು ಕೋಚ್ ಆಗಿ ಘೋಷಿಸಲಾಯಿತು.

ಇಟಲಿಯಲ್ಲಿ ರಾಷ್ಟ್ರೀಯ ತಂಡದ ಕೋಚ್ ಹುದ್ದೆ ಎಂದರೆ ಪ್ರಧಾನಿ ಹುದ್ದೆಗೆ ಸಮ ಎಂದು ತಮಾಷೆ ಮಾಡುವವರಿದ್ದಾರೆ. ಅಂಥ ಹುದ್ದೆಯನ್ನು, ಅದೂ ನಾಲ್ಕು ದಶಕ ಯಾರು ಕರೆದರೂ ಎದ್ದು ಹೋಗಿದ್ದ ಮನುಷ್ಯ ಬೇಡ ಎಂದದ್ದೇಕೆ? ಉತ್ತರ ಅವರ ವೃತ್ತಿಜೀವನದಲ್ಲೇ ಇದೆ.

ಯಾರಿಗೆ ಬೇಕಾಗುತ್ತಾರೆ ರನಿಯೇರಿ?

ರೋಮ್ ನಗರದ ಮಾಂಸದ ಅಂಗಡಿಯವರೊಬ್ಬರ ಮಗ ರನಿಯೇರಿ. ರಕ್ಷಣಾ ಆಟಗಾರನಾಗಿ ಹೆಚ್ಚು ಕಾಲ ಆಡಿದ್ದು ದಕ್ಷಿಣದ ಕಟನ್ಜಾರೊ ಎಂಬ ಸಣ್ಣ ಕ್ಲಬ್ಬಿಗೆ. ಕೋಚ್ ಆಗಿ ಹೆಸರು ಮಾಡಿದ್ದು ಸಾರ್ಡಿನಿಯಾ ದ್ವೀಪದ ಕ್ಯಾಲಿಯರಿಯಲ್ಲಿ. 1988ರಲ್ಲಿ ಅವರು ಅಲ್ಲಿಗೆ ಹೋದಾಗ ತಂಡ ಮೂರನೇ ದರ್ಜೆಯಲ್ಲಿತ್ತು. ಎರಡೇ ವರ್ಷದಲ್ಲಿ ಎರಡು ಬಡ್ತಿ ಪಡೆದು ಅದು ಅಗ್ರ ದರ್ಜೆಯಾದ ಸೀರಿ ಎ ಸೇರಿತು.

ಆಮೇಲೆ ಶುರುವಾದ ಅಲೆದಾಟ ಇಟಲಿ, ಸ್ಪೇನ್, ಇಂಗ್ಲೆಂಡ್, ಫ್ರಾನ್ಸ್, ಗ್ರೀಸ್ ಎಂದು ಐದು ದೇಶಗಳನ್ನು ಸುತ್ತಿತು. ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಎಲ್ಲಿಯೂ ನೆಲೆ ನಿಲ್ಲದವರಂತೆ ಕಾಣುತ್ತಾರೆ. ಆದರೆ ಅವರು ಪ್ರತಿ ಕ್ಲಬ್ಬಿಗೆ ಕಾಲಿಟ್ಟ ದಿನ ಅದರ ಸ್ಥಿತಿ ಏನಿತ್ತು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ನಾಪೋಲಿಗೆ ಹೋದದ್ದು 1991ರಲ್ಲಿ, ಮರಡೋನಾ ಬಿಟ್ಟುಹೋದ ಬೆನ್ನಿಗೆ. ಫಿಯೊರೆಂಟಿನಾಗೆ ಹೋದದ್ದು ಆ ತಂಡ ಎರಡನೇ ದರ್ಜೆಗೆ ಜಾರಿದಾಗ. ಮರುವರ್ಷವೇ ಮೇಲಕ್ಕೆ ತಂದು, 1996ರಲ್ಲಿ ಇಟಾಲಿಯನ್ ಕಪ್ ಗೆಲ್ಲಿಸಿದರು. 2007ರಲ್ಲಿ ಪಾರ್ಮಾ ಮುಳುಗುತ್ತಿತ್ತು, ಅರ್ಧ ಹಂಗಾಮಿನಲ್ಲಿ ಬಂದು ಉಳಿಸಿದರು. ಮ್ಯಾಚ್ ಫಿಕ್ಸಿಂಗ್ ಹಗರಣದಿಂದ ಕೆಳಗಿಳಿದು ಆಗಷ್ಟೇ ಮರಳಿದ್ದ ಯುವೆಂಟಸ್‌ಗೆ ಮೊದಲ ಹಂಗಾಮಿನಲ್ಲೇ ಮೂರನೇ ಸ್ಥಾನ ತಂದರು. ಫ್ರಾನ್ಸ್‌ನ ಎರಡನೇ ದರ್ಜೆಯಲ್ಲಿದ್ದ ಮೊನಾಕೊಗೆ ಬಡ್ತಿ ಕೊಡಿಸಿ, ಮರುವರ್ಷ ಅಗ್ರ ದರ್ಜೆಯಲ್ಲಿ ಎರಡನೇ ಸ್ಥಾನಕ್ಕೆ ಮುಟ್ಟಿಸಿದರು.

ಕಷ್ಟಕ್ಕೆ ಕರೆಯುವುದು, ಸುಖ ಬಂದಾಗ ಕಳಿಸುವುದು. ಅವರ ವೃತ್ತಿಯ ಅರ್ಧ ಕಥೆ ಇದೇ.

ಎರಡನೇ ಸ್ಥಾನದ ಬೆಲೆ

ಇದಕ್ಕೆ ಚೆಲ್ಸಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2000ದಲ್ಲಿ ಲಂಡನ್‌ಗೆ ಬಂದಾಗ ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಪದೇ ಪದೇ ಆಟಗಾರರನ್ನು ಬದಲಿಸುತ್ತಾರೆಂದು ಅಲ್ಲಿನ ಪತ್ರಿಕೆಗಳು ‘ಟಿಂಕರ್‌ಮ್ಯಾನ್’ ಎಂದು ಅಡ್ಡಹೆಸರಿಟ್ಟವು. ಸಾಲದಲ್ಲಿದ್ದ ಕ್ಲಬ್ಬನ್ನು 2003ರಲ್ಲಿ ನಾಲ್ಕನೇ ಸ್ಥಾನಕ್ಕೆ ತಂದು, ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಕೊಡಿಸಿದರು. ಅದಾದ ಕೆಲವೇ ವಾರಗಳಲ್ಲಿ ರಷ್ಯಾದ ಶ್ರೀಮಂತ ರೋಮನ್ ಅಬ್ರಮೊವಿಚ್ ಕ್ಲಬ್ ಖರೀದಿಸಿದರು.

ಮುಂದಿನ ವರ್ಷ ಚೆಲ್ಸಿ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಮೊದಲ ಸ್ಥಾನದಲ್ಲಿದ್ದದ್ದು ಇಡೀ ಹಂಗಾಮಿನಲ್ಲಿ ಒಂದೂ ಪಂದ್ಯ ಸೋಲದ ಆರ್ಸೆನಲ್. ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್‌ವರೆಗೂ ಹೋದರು. ಆದರೂ 2004ರ ಮೇ ಕೊನೆಗೆ ಮನೆಗೆ ಕಳಿಸಿ, ಜೋಸ್ ಮೊರಿನ್ಯೊ ಅವರನ್ನು ತರಲಾಯಿತು. ಯುವೆಂಟಸ್ 2009ರಲ್ಲಿ ಇನ್ನೆರಡು ಪಂದ್ಯ ಬಾಕಿ ಇರುವಾಗಲೇ ಬಿಟ್ಟುಕಳಿಸಿತು. ಮೊನಾಕೊ ಎರಡನೇ ಸ್ಥಾನ ತಂದ ಬೆನ್ನಲ್ಲೇ ಬೀಳ್ಕೊಟ್ಟಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಅವಸರ ವಿಚಿತ್ರ ಎನಿಸಬಹುದು. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಆಡುವುದು ಅದೇ ಐಪಿಎಲ್‌ನಲ್ಲಿ. ಯುರೋಪಿನ ಲೀಗ್‌ಗಳಲ್ಲಿ ಕೊನೆಯಲ್ಲಿ ಉಳಿದವರು ಕೆಳದರ್ಜೆಗೆ ಬೀಳುತ್ತಾರೆ. ಟಿವಿ ಹಕ್ಕಿನ ಹಣ, ಪ್ರಾಯೋಜಕರು, ಒಳ್ಳೆಯ ಆಟಗಾರರು ಎಲ್ಲವೂ ಒಟ್ಟಿಗೇ ಕೈಬಿಡುತ್ತವೆ. ಹಂಗಾಮಿನ ನಡುವೆ ಇಪ್ಪತ್ತೈದು ಆಟಗಾರರನ್ನು ಬದಲಿಸಲಾಗದು, ಮಾಲೀಕ ತನ್ನನ್ನು ತಾನು ಬದಲಿಸಿಕೊಳ್ಳುವುದಿಲ್ಲ. ಉಳಿಯುವುದು ಕೋಚ್ ಒಬ್ಬರೇ. ಗಾಬರಿಯಾದ ಮಾಲೀಕರು ಏನೋ ಮಾಡಿದ್ದೇವೆ ಎಂದು ತೋರಿಸಲು ಮೊದಲು ಕೈಹಾಕುವುದು ಅಲ್ಲಿಗೇ.

ಲೆಸ್ಟರ್: ಪವಾಡ ಮತ್ತು ಒಂಬತ್ತು ತಿಂಗಳು

2015ರ ಜುಲೈನಲ್ಲಿ ಲೆಸ್ಟರ್ ಸಿಟಿ ಅವರನ್ನು ನೇಮಿಸಿದಾಗ ಇಂಗ್ಲೆಂಡ್‌ನಲ್ಲಿ ಹಲವರು ಹುಬ್ಬೇರಿಸಿದರು. ಲೆಸ್ಟರ್ ಹಿಂದಿನ ಹಂಗಾಮಿನಲ್ಲಿ ಕೊನೆಯ ವಾರಗಳಲ್ಲಷ್ಟೇ ಬಚಾವಾಗಿದ್ದ ತಂಡ. ಅದು ಚಾಂಪಿಯನ್ ಆಗುತ್ತದೆ ಎನ್ನುವವರಿಗೆ ಬೆಟ್ಟಿಂಗ್ ಕಂಪನಿಗಳು ಒಂದಕ್ಕೆ ಐದು ಸಾವಿರ ಕೊಡಲು ತಯಾರಿದ್ದವು.

ರನಿಯೇರಿ ಬಂದು ಎಲ್ಲವನ್ನೂ ಬುಡಮೇಲು ಮಾಡಲಿಲ್ಲ. ‘ಟಿಂಕರ್‌ಮ್ಯಾನ್’ ಎನಿಸಿಕೊಂಡಿದ್ದವರು ಬಹುಪಾಲು ಅದೇ ಹನ್ನೊಂದು ಜನರನ್ನು ಆಡಿಸಿದರು. ಕೆಲ ವರ್ಷಗಳ ಹಿಂದೆ ವೃತ್ತಿಪರ ಲೀಗ್‌ಗಳ ಹೊರಗೆ ಆಡುತ್ತಿದ್ದ ಜೇಮಿ ವಾರ್ಡಿ, ಫ್ರಾನ್ಸ್‌ನ ಎರಡನೇ ದರ್ಜೆಯಿಂದ ಬಂದಿದ್ದ ರಿಯಾದ್ ಮಹ್ರೆಜ್, ಆ ವರ್ಷವಷ್ಟೇ ಸೇರಿದ್ದ ಎನ್‌ಗೋಲೊ ಕಾಂಟೆ. ಎದುರಾಳಿಗೆ ಗೋಲು ಬಿಟ್ಟುಕೊಡದಿದ್ದರೆ ಎಲ್ಲರಿಗೂ ಪಿಜ್ಜಾ ಕೊಡಿಸುತ್ತೇನೆ ಎಂದಿದ್ದರು. ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಅದು ಸಾಧ್ಯವಾದಾಗ, ಮಾತಿನಂತೆ ಕರೆದುಕೊಂಡು ಹೋಗಿ ಪಿಜ್ಜಾವನ್ನು ಅವರವರ ಕೈಯಿಂದಲೇ ಮಾಡಿಸಿದರು.

ಡಿಸೆಂಬರ್‌ನಲ್ಲಿ ಲೆಸ್ಟರ್ ಎದುರು ಚೆಲ್ಸಿ ಸೋತಿತು. ಮೂರೇ ದಿನಕ್ಕೆ ಚೆಲ್ಸಿ ಕೋಚ್ ಮೊರಿನ್ಯೊ ವಜಾ ಆದರು. 2016ರ ಮೇ 2ರಂದು ಟಾಟನ್‌ಹ್ಯಾಮ್ ತಂಡವನ್ನು ಡ್ರಾ ಮಾಡಿಕೊಳ್ಳುವಂತೆ ಮಾಡಿ ಲೆಸ್ಟರ್‌ಗೆ ಪ್ರಶಸ್ತಿ ಖಚಿತಪಡಿಸಿದ್ದೂ ಚೆಲ್ಸಿಯೇ. 81 ಅಂಕ, ಕೇವಲ ಮೂರು ಸೋಲು. ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಆ ಊರಿನ ಬೀದಿಗಳಲ್ಲಿ ಅಂದು ಎಲ್ಲರೂ ಒಟ್ಟಿಗೆ ಕುಣಿದರು.

ಮುಂದಿನದ್ದು ಕಹಿ. ಕಾಂಟೆ ಚೆಲ್ಸಿಗೆ ಹೋದರು, ತಂಡ ಕುಸಿಯಿತು. 2017ರ ಜನವರಿಯಲ್ಲಿ ಫಿಫಾದ ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿ ಪಡೆದವರು, ಫೆಬ್ರವರಿ 23ರಂದು ಕೆಲಸ ಕಳೆದುಕೊಂಡರು. ಪ್ರಶಸ್ತಿ ಗೆದ್ದು ಹತ್ತು ತಿಂಗಳೂ ಪೂರ್ತಿ ಆಗಿರಲಿಲ್ಲ.

ಇಲ್ಲಿ ಭಾವುಕರಾಗುವ ಮೊದಲು ಇನ್ನೊಂದು ಬದಿಯನ್ನೂ ನೋಡಬೇಕು. ಆಗ ಲೆಸ್ಟರ್ 17ನೇ ಸ್ಥಾನದಲ್ಲಿತ್ತು, ಹಿಂಬಡ್ತಿಗೂ ಅದಕ್ಕೂ ಒಂದೇ ಅಂಕದ ಅಂತರ. ಕೋಚ್ ಬದಲಾದ ಮೇಲೆ ತಂಡ 12ನೇ ಸ್ಥಾನಕ್ಕೆ ಏರಿತು, ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್‌ಫೈನಲ್ ಆಡಿತು. ಲೆಕ್ಕದಲ್ಲಿ ಕ್ಲಬ್ ಸರಿ. ಆದರೆ ಜನರ ನೆನಪಿನಲ್ಲಿ ಆ ನಿರ್ಧಾರಕ್ಕೆ ಇಂದಿಗೂ ಕ್ಷಮೆ ಸಿಕ್ಕಿಲ್ಲ.

ಎಲ್ಲ ಬೆಂಕಿಯೂ ಆರಲಿಲ್ಲ

ರನಿಯೇರಿ ಹೋದಲ್ಲೆಲ್ಲ ಗೆದ್ದರು ಎಂದರೆ ಸುಳ್ಳಾಗುತ್ತದೆ. ಫುಲ್ಹ್ಯಾಮ್ ಅವರನ್ನು ನಾಲ್ಕು ತಿಂಗಳೂ ಇಟ್ಟುಕೊಳ್ಳಲಿಲ್ಲ. ವಾಟ್‌ಫರ್ಡ್ ಕೂಡ ಅಷ್ಟೇ ಬೇಗ ಕಳಿಸಿತು. ವೇಲೆನ್ಸಿಯಾಗೆ 1999ರಲ್ಲಿ ಸ್ಪೇನ್‌ನ ಕಪ್ ಗೆದ್ದುಕೊಟ್ಟವರು, ಎರಡನೇ ಸಲ ಅಲ್ಲಿಗೇ ಹೋಗಿ ಹಂಗಾಮು ಮುಗಿಯುವ ಮೊದಲೇ ವಜಾ ಆದರು.

ಇಟಲಿಯ ಪ್ರಶ್ನೆಗೆ ನೇರ ಸಂಬಂಧವಿರುವ ಸೋಲು ಮಾತ್ರ ಗ್ರೀಸ್‌ನದು. 2014ರಲ್ಲಿ ಆ ದೇಶದ ಕೋಚ್ ಆದರು. ಅವರು ನಡೆಸಿದ ಏಕೈಕ ರಾಷ್ಟ್ರೀಯ ತಂಡ ಅದು. ನಾಲ್ಕು ಪಂದ್ಯ, ಒಂದು ಅಂಕ. ನವೆಂಬರ್‌ನಲ್ಲಿ ಪುಟ್ಟ ಫ್ಯಾರೊ ದ್ವೀಪಗಳ ತಂಡದೆದುರು ತವರಿನಲ್ಲೇ 0-1ರಿಂದ ಸೋತ ಮರುದಿನ ಕೆಲಸ ಹೋಯಿತು.

ಕಾರಣ ಊಹಿಸುವುದು ಕಷ್ಟವಲ್ಲ. ರನಿಯೇರಿಯ ಶಕ್ತಿ ಇರುವುದು ದಿನನಿತ್ಯದ ಅಭ್ಯಾಸದಲ್ಲಿ. ಬೆಳಿಗ್ಗೆ ಆಟಗಾರನ ಮುಖ ನೋಡಿ ಅವನ ಮನಸ್ಸು ಓದುವುದು, ಒಬ್ಬನಿಗೆ ಗದರುವುದು, ಇನ್ನೊಬ್ಬನ ಹೆಗಲ ಮೇಲೆ ಕೈಯಿಡುವುದು. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದು ಎರಡು-ಮೂರು ತಿಂಗಳಿಗೊಮ್ಮೆ, ಹತ್ತು ದಿನ ಮಾತ್ರ. ಆ ಕೆಲಸಕ್ಕೆ ಬೇಕಾದ ಗುಣವೇ ಬೇರೆ.

ರೋಮಾದಲ್ಲಿ ಕೊನೆಯ ಪಾಳಿ

2023ರಲ್ಲಿ ಅವರು ಹೆಸರು ಮಾಡಿದ ಜಾಗಕ್ಕೇ ಮರಳಿದರು. ಎರಡನೇ ದರ್ಜೆಯಲ್ಲಿದ್ದ ಕ್ಯಾಲಿಯರಿ, ಬಾರಿ ನಗರದಲ್ಲಿ ನಡೆದ ಪ್ಲೇಆಫ್ ಫೈನಲ್‌ನ ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಹೊಡೆದು ಸೀರಿ ಎಗೆ ಏರಿತು. ಆ ಗದ್ದಲದಲ್ಲೂ ರನಿಯೇರಿ ತಮ್ಮ ಅಭಿಮಾನಿಗಳ ಬಳಿ ಹೋಗಿ, ಸೋತವರನ್ನು ಅಣಕಿಸಬೇಡಿ, ಚಪ್ಪಾಳೆ ತಟ್ಟಿ ಎಂದು ಕೇಳಿಕೊಂಡರು. ಮರುವರ್ಷ ತಂಡವನ್ನು ಅಲ್ಲೇ ಉಳಿಸಿ ನಿವೃತ್ತಿ ಹೇಳಿದರು.

ನಿವೃತ್ತಿ ಆರು ತಿಂಗಳು ಬಾಳಿತು. 2024ರ ನವೆಂಬರ್‌ನಲ್ಲಿ ರೋಮಾ ಕರೆಯಿತು. ಒಂದೇ ಹಂಗಾಮಿನಲ್ಲಿ ಇಬ್ಬರು ಕೋಚ್‌ಗಳನ್ನು ತೆಗೆದಿದ್ದ ತಂಡ 12 ಪಂದ್ಯಗಳಲ್ಲಿ 13 ಅಂಕ ಗಳಿಸಿ 12ನೇ ಸ್ಥಾನದಲ್ಲಿತ್ತು. ಉಳಿದ 26 ಪಂದ್ಯಗಳಲ್ಲಿ ರನಿಯೇರಿ 56 ಅಂಕ ಗಳಿಸಿಕೊಟ್ಟರು. ನಡುವೆ ಲೀಗ್‌ನಲ್ಲಿ ಸತತ 19 ಪಂದ್ಯ ಸೋಲೇ ಇಲ್ಲ. ಐದನೇ ಸ್ಥಾನಕ್ಕೆ ಬಂದರು. ಚಾಂಪಿಯನ್ಸ್ ಲೀಗ್ ತಪ್ಪಿದ್ದು ಒಂದೇ ಅಂಕದಿಂದ.

ಎರಡು ದೋಣಿಯ ಪ್ರಶ್ನೆ

ರೋಮಾ ಸಲಹೆಗಾರನಾಗಿದ್ದುಕೊಂಡೇ ಇಟಲಿಗೂ ಕೋಚ್ ಆಗಬಹುದು ಎಂಬ ಚರ್ಚೆಯೂ ನಡೆದಿತ್ತು. ಈ ಪ್ರಶ್ನೆ ನಮಗೂ ಹೊಸದಲ್ಲ. ಆಗ ಭಾರತ ತಂಡದ ಕೋಚ್ ಆಗಿದ್ದ ಮನೋಲೊ ಮಾರ್ಕೆಜ್ 2024-25ರ ಹಂಗಾಮಿನಲ್ಲಿ ಎಫ್‌ಸಿ ಗೋವಾ ತಂಡವನ್ನೂ ನಡೆಸುತ್ತಿದ್ದರು. ರನಿಯೇರಿ ನಿರಾಕರಿಸಿದ ಅದೇ ಜೂನ್ 10ರಂದು, ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ನಿವೃತ್ತಿಯಿಂದ ಮರಳಿ ಬಂದಿದ್ದ ಭಾರತ, ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಹಾಂಕಾಂಗ್ ಎದುರು 0-1ರಿಂದ ಸೋತಿತು. ಆ ಸೋಲಿಗೆ ಎರಡು ಕೆಲಸವೊಂದೇ ಕಾರಣ ಎನ್ನಲಾಗದು. ಆದರೆ ರಾಷ್ಟ್ರೀಯ ತಂಡದ ಹೊಣೆಯನ್ನು ಬಿಡುವಿನ ವೇಳೆಯ ಕೆಲಸವಾಗಿ ನೋಡಬಹುದೇ ಎಂಬ ಪ್ರಶ್ನೆಗೆ ರನಿಯೇರಿ ತಮ್ಮ ಮಟ್ಟಿಗೆ ಉತ್ತರಿಸಿದ್ದಾರೆ.

ಬಾವಿ ತೋಡುವವರಾರು?

ಇಟಲಿ 2018 ಮತ್ತು 2022ರ ವಿಶ್ವಕಪ್‌ಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ನಡುವೆ ಯುರೋ ಕಪ್ ಗೆದ್ದುಕೊಟ್ಟ ರಾಬರ್ಟೊ ಮಾನ್ಚಿನಿ 2023ರಲ್ಲಿ ಬಿಟ್ಟುಹೋಗಿ ಸೌದಿ ಅರೇಬಿಯಾ ಸೇರಿದರು. 2025ರ ಜೂನ್ ಮಧ್ಯದಲ್ಲಿ ಗುಂಪಿನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದಿದ್ದ ನಾರ್ವೆ 12 ಅಂಕದಲ್ಲಿತ್ತು, ಎರಡೇ ಪಂದ್ಯ ಆಡಿದ್ದ ಇಟಲಿ 3ರಲ್ಲಿತ್ತು. ನೇರ ಅರ್ಹತೆ ಇದ್ದದ್ದು ಗುಂಪಿನ ಅಗ್ರ ತಂಡಕ್ಕೆ ಮಾತ್ರ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ಬೆಂಕಿ ಆರಿಸುವುದರಲ್ಲಿ ರನಿಯೇರಿಗಿಂತ ಪಳಗಿದವರು ಸಿಗುವುದು ಕಷ್ಟ. ಆದರೆ ಅವರು ಹೋದ ಕಡೆಗಳಲ್ಲಿ ಬಾವಿ ಇತ್ತು. ಲೆಸ್ಟರ್‌ಗೆ ಕಾಂಟೆಯಂಥವರನ್ನು ಹುಡುಕಿ ತಂದಿದ್ದ ತಂಡವಿತ್ತು, ರೋಮಾಗೆ ಒಳ್ಳೆಯ ಆಟಗಾರರಿದ್ದರು. ನೀರೆತ್ತುವ ಕೈ ಬೇಕಿತ್ತು ಅಷ್ಟೇ. ಇಟಲಿಯಲ್ಲಿ ತೋಡಬೇಕಾದ್ದು ಬಾವಿಯನ್ನೇ. ಅದು ಹದಿನೈದು ವರ್ಷದ ಹುಡುಗರಿಗೆ ತರಬೇತಿ ಕೊಡುವ ಕೆಲಸ, ಅವರನ್ನು ಕ್ಲಬ್‌ಗಳು ಧೈರ್ಯವಾಗಿ ಆಡಿಸುವ ಕೆಲಸ. ಅದು ಒಬ್ಬ ಕೋಚ್‌ನಿಂದ, ಒಂದು ಅರ್ಹತಾ ಸುತ್ತಿನಲ್ಲಿ ಆಗುವುದಿಲ್ಲ.

ಕೋಚ್ ಯಾರೇ ಆಗಲಿ, ಗೆಲ್ಲಲೂಬಹುದು. ಗೆದ್ದರೆ ಎಲ್ಲ ಸರಿಯಾಯಿತೆಂದು ಫೆಡರೇಷನ್ ನಿದ್ದೆ ಹೋಗಬಾರದು, ಸೋತರೆ ಅವರೊಬ್ಬರನ್ನೇ ಬಲಿ ಕೊಟ್ಟು ಕೈತೊಳೆದುಕೊಳ್ಳಬಾರದು. ನಾಲ್ಕು ದಶಕ ಕರೆದಲ್ಲೆಲ್ಲ ಹೋದ ಮನುಷ್ಯ ಒಮ್ಮೆ ‘ಬೇಡ’ ಎಂದಿದ್ದಾರೆ ಎಂದರೆ, ಬೆಂಕಿ ಎಷ್ಟು ದೊಡ್ಡದು ಎಂದು ಮನೆಯವರು ಒಮ್ಮೆ ತಿರುಗಿ ನೋಡಬೇಕು.